ದೊಡ್ಡಮ್ಮನ ಉಗುರು

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ಉದ್ದವಾಗಿತ್ತು, ಕಪ್ಪಾಗಿತ್ತು. ಸೊಪ್ಪಿನ ಕರೆ ಕೂತು ಕೂತು ಆದ ಕಪ್ಪು, ಸಾಬೂನಿಗೆ ಬಗ್ಗುವಂಥದ್ದಲ್ಲ. ಅವರಿಗೆ ಬಾಗಿಲು ತಟ್ಟುವ ಅಭ್ಯಾಸವಿರಲಿಲ್ಲ; ಆ ಉಗುರಿನಿಂದ ಒಮ್ಮೆ ಪರಕ್ಕೆಂದು ಕೆರೆಯುತ್ತಿದ್ದರು. ಕಾಣಿಯೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಆ ಸದ್ದಿಗೆ ನಾನು ಬೆಚ್ಚಿ ಬೀಳುತ್ತಿದ್ದೆ. ನಮ್ಮ ಪಕ್ಕದ ಮನೆಯಲ್ಲಿ ಅವರೊಬ್ಬರೇ ಇದ್ದರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಊರಿಗೆಲ್ಲ ಅವರು ದೊಡ್ಡಮ್ಮ.

ಇವರಿಗೆ, ಅಂದರೆ ನನ್ನ ಗಂಡನಿಗೆ, ಸಕ್ಕರೆ ಕಾಯಿಲೆಯೆಂದು ಗೊತ್ತಾದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಬೇಕರಿ ಪೊಟ್ಟಣಗಳು ಹೊರಗೆ ಹೋದವು, ಮೊಬೈಲಿನಲ್ಲಿ ಕಂಡದ್ದೆಲ್ಲ ಅಡಿಗೆಮನೆಗೆ ಬಂತು. ದೊಡ್ಡಮ್ಮ ನಗಾಡಿದರು.

"ಹಿತ್ತಿಲಲ್ಲಿ ತಿಮರೆ ಉಂಟು. ನೀನು ಪುತ್ತೂರಿಂದ ಎಂತದೋ ಬೀಜ ತರ್ತೀಯಲ್ಲ ಮಾರಾಯ್ತಿ."

ಅವರೇ ಕಲಿಸಿದರು: ತಿಮರೆ ಅಂದರೆ ಒಂದೆಲಗದ ಚಟ್ನಿ, ತಗತೆ ಸೊಪ್ಪಿನ ಪಲ್ಯ, ಕುಚ್ಚಲು ಗಂಜಿ. ಏನು ಕಿತ್ತರೂ ಮೊದಲು ದಂಟಿಗೆ ಉಗುರು ಹಾಕಿ, ಒಸರಿದ ರಸ ನೋಡಿ, ಮೂಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾರೋ ಹೇಳುವುದನ್ನು ಕೇಳಿಸಿಕೊಳ್ಳುವ ಹಾಗೆ.

"ಕಾಡಿದ್ದೆಲ್ಲ ಒಳ್ಳೆದೇ ಅಲ್ವಾ ದೊಡ್ಡಮ್ಮ?" ಎಂದು ನಾನೊಮ್ಮೆ ಕೇಳಿದೆ.

"ಯಾರು ಹೇಳಿದ್ದು? ಕಾಡಿಗೆ ನಮ್ಮ ಗುರ್ತ ಉಂಟಾ?" ಎಂದರು. ಕಿತ್ತ ಸೊಪ್ಪನ್ನು ನನ್ನ ಕೈಗೆ ಕೊಟ್ಟು ಮನೆಗೆ ನಡೆದರು.

ಮಳೆಗಾಲದ ನಡುವೆ ಬರುವ ಆಟಿ ಅಮಾವಾಸ್ಯೆಯಂದು ಬರಿಹೊಟ್ಟೆಗೆ ಹಾಲೆ ಮರದ ಕಷಾಯ ಕುಡಿಯುವುದು ನಮ್ಮಲ್ಲಿ ಕ್ರಮ. ಬೆಳಕು ಹರಿಯುವ ಮೊದಲು, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಒಂದು ವರ್ಷ ಇವರು ನಾನೇ ತರುತ್ತೇನೆಂದು ಹೊರಟರು. ಟಾರ್ಚ್ ಹಿಡಿದರೆ ಮದ್ದಿನ ಗುಣ ಹೋಗುತ್ತದೆಂದು ಯಾರೋ ತಲೆಗೆ ತುಂಬಿಸಿದ್ದರು. ಬೈದಾರೆಂದು ದೊಡ್ಡಮ್ಮನಿಗೆ ನಾವು ಹೇಳಲೇ ಇಲ್ಲ.

ಬೆಳಗಾಯಿತು. ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದೆ, ರಸ ಹಿಂಡಿದೆ, ಕ್ರಮದಂತೆ ಕೆಂಡದಲ್ಲಿ ಕಾದ ಬಿಳಿಕಲ್ಲನ್ನು ಅದಕ್ಕೆ ಹಾಕಿದೆ. ಇವರು ಲೋಟವನ್ನು ಬಾಯಿಯ ಹತ್ತಿರ ಒಯ್ದಿದ್ದರು. ಬಾಗಿಲು ಪರಕ್ಕೆಂದಿತು.

ದೊಡ್ಡಮ್ಮ ನಮ್ಮ ಮುಖ ನೋಡಲಿಲ್ಲ. ನೇರ ಒಳಗೆ ಬಂದು, ಉಳಿದಿದ್ದ ತೊಗಟೆಯ ತುಂಡನ್ನು ಎತ್ತಿ ಉಗುರು ಹಾಕಿದರು.

"ಹಾಲಿಲ್ಲ," ಎಂದರು.

ಹಾಲೆಯಾದರೆ ಬಿಳಿ ಹಾಲು ಒಸರಬೇಕು. ಇವರು ಕತ್ತಲಲ್ಲಿ ತಡಕಾಡಿ ತಂದದ್ದು ಕಾಸರಕನ ಮರದ್ದು, ಬರೀ ವಿಷ. ದೊಡ್ಡಮ್ಮ ಇವರ ಕೈಯಿಂದ ಲೋಟ ತೆಗೆದುಕೊಂಡರು. ಎಲ್ಲವನ್ನೂ ಹೊಂಡ ತೋಡಿ ತಾವೇ ಹೂತರು.

ಆ ಮರ ದೊಡ್ಡಮ್ಮನ ಮನೆಯ ಹಿಂದೆಯೇ ಇತ್ತು. ಕಡಿದುಬಿಡೋಣ ಎಂದರು ಇವರು.

"ಮರ ಎಂತ ಮಾಡಿತು? ಅದು ಅದರ ಜಾಗೆಯಲ್ಲೇ ಇತ್ತು," ಎಂದರು ದೊಡ್ಡಮ್ಮ.

ಹೇಳದೆ ಹೇಗೆ ಗೊತ್ತಾಯಿತು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೋದ ಚಳಿಗಾಲದಲ್ಲಿ ದೊಡ್ಡಮ್ಮ ತೀರಿಕೊಂಡರು, ನಿದ್ದೆಯಲ್ಲೇ. ಇವರು ಈಗಲೂ ನನ್ನೆದುರು ಕೂತು ಗಂಜಿ ಉಣ್ಣುತ್ತಿರುವುದು ಅವರ ಋಣ. ಅದನ್ನು ತೀರಿಸುವುದು ನನ್ನಿಂದಾಗದು. ಹದಿಮೂರರ ಊಟದ ದಿನ ಅವರ ನಾದಿನಿ ಪಾತ್ರೆ ತೊಳೆಯುತ್ತಾ ನನಗೊಂದು ಮಾತು ಹೇಳಿದರು.

"ನಮ್ಮ ಅಣ್ಣ ಹೋದದ್ದೂ ಆಟಿ ಅಮಾಸೆಗೇ. ಅವನಿಗೆ ಜ್ವರ ಇತ್ತು, ಏಳ್ಲಿಕ್ಕೆ ಆಗ್ತಿರ್ಲಿಲ್ಲ. ಆ ಸಲ ಕಷಾಯಕ್ಕೆ ಮರದ ಕೆತ್ತೆ ತಂದದ್ದು ಅತ್ತಿಗೆಯೇ."

ಕೈ ಒರೆಸಿಕೊಂಡು ನಾನು ಮನೆಯ ಹಿಂದೆ ಹೋದೆ. ಕಾಸರಕನ ಬೂದು ತೊಗಟೆಯ ತುಂಬ, ಇವರು ಕಲ್ಲಿನಿಂದ ಜಜ್ಜಿದ ಗಾಯದ ಸುತ್ತಲೂ, ಉಗುರಿನ ಗೀರುಗಳು. ಮೊಣಕಾಲಿನಿಂದ ಅವರ ತಲೆಯ ಎತ್ತರದವರೆಗೆ, ಮಾಯ್ದು ಕಪ್ಪಾದವು, ಅರ್ಧ ಮಾಯ್ದವು, ಇನ್ನೂ ಹಸಿಯಾಗಿದ್ದವು. ಹಾಲು ಬಂದೀತೇ ಎಂದು ಇಷ್ಟು ವರ್ಷವೂ ಅವರು ನೋಡುತ್ತಲೇ ಇದ್ದರು.

ನಾನೂ ಹೆಬ್ಬೆರಳಿನ ಉಗುರು ಹಾಕಿ ನೋಡಿದೆ. ಹಾಲು ಬರಲಿಲ್ಲ.