ಒಂಟಿ ಸೀಟು

ನಮ್ಮ ಅತ್ತಿಗೆ ಯಾರನ್ನೂ ನಂಬುವವಳಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ, ಪರಿಚಯ ಅಂತ ಹೇಳುತ್ತಿದ್ದೇನೆ. ಹಾಲಿನ ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡದೆ ಒಳಗೆ ತರುವುದಿಲ್ಲ. ತರಕಾರಿ ಅಂಗಡಿಯಲ್ಲಿ ತಕ್ಕಡಿಯ ಮುಳ್ಳನ್ನು ನೋಡುವುದಿಲ್ಲ, ಅಂಗಡಿಯವನ ಹೆಬ್ಬೆರಳನ್ನು ನೋಡುತ್ತಾಳೆ. ಫೋನಿನಲ್ಲಿ ಯಾರಾದರೂ "ಹೇಗಿದ್ದೀರಿ?" ಅಂದರೆ "ಯಾಕೆ?" ಅನ್ನುತ್ತಾಳೆ. ನಾನು ಅವಳ ಗಂಡನ ತಂಗಿ, ಅದೇ ಮನೆಯ ಮಹಡಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿರುವವಳು. ಇಷ್ಟು ವರ್ಷವಾದರೂ ನಾನು ಹೊಲಿದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ನೋಡದೆ ಅವಳು ತೊಟ್ಟಿದ್ದಿಲ್ಲ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ನಾನೇ ಒಳಮೈ ಹೊರಗೆ ಮಾಡಿ ಕೊಡುತ್ತೇನೆ. ಅತ್ತಿಗೆಯಾದರೂ ನನ್ನ ವಾರಿಗೆಯವಳು, ನಮ್ಮಿಬ್ಬರ ನಡುವೆ ಬಹುವಚನವಿಲ್ಲ.

ಅವಳ ಕೆಲಸವೂ ಸ್ವಭಾವಕ್ಕೆ ಒಪ್ಪುವಂಥದ್ದೇ. ಗಾಜಿನ ಬಾಟಲಿ ಮಾಡುವ ಕಾರ್ಖಾನೆಯಲ್ಲಿ ತಪಾಸಣೆ. ಬೆಳಕಿನ ಪರದೆಯ ಮುಂದೆ ಬಾಟಲಿಗಳು ಸಾಲಾಗಿ ಹೋಗುತ್ತಿರುತ್ತವೆ. ಇವಳು ಸ್ಟೂಲಿನ ಮೇಲೆ ಕೂತು ನೋಡುತ್ತಿರಬೇಕು. ಕೂದಲೆಳೆಯ ಬಿರುಕು, ಒಳಗೊಂದು ಗುಳ್ಳೆ, ಬಾಯಿಯ ಹತ್ತಿರ ಉಬ್ಬು, ಏನು ಕಂಡರೂ ಎತ್ತಿ ಪಕ್ಕದ ತೊಟ್ಟಿಗೆ. ಜೊತೆಯವರು ಸಂಜೆಯ ಹೊತ್ತಿಗೆ ಕಣ್ಣು ಸೋತು ಒಂದೆರಡನ್ನು ಹೋಗಲಿ ಅಂತ ಬಿಡುತ್ತಿದ್ದರಂತೆ. ಇವಳು ಬಿಡುತ್ತಿರಲಿಲ್ಲ. ಮೇಲ್ವಿಚಾರಕ ಒಮ್ಮೆ ಬಂದು, "ಎಲ್ಲಾ ನೀವೇ ಒಡೆದು ಹಾಕಿದ್ರೆ ನಾವು ಮಾರೋದೇನು?" ಅಂತ ಕೇಳಿದ್ದಕ್ಕೆ, "ಅದನ್ನ ಮಾಡೋರನ್ನ ಕೇಳಿ" ಅಂದಳಂತೆ.

ಇಂಥವಳು ಕಣ್ಣು ಮುಚ್ಚುತ್ತಿದ್ದ ಜಾಗ ಒಂದೇ ಒಂದು. ಅಣ್ಣನ ಮೋಟಾರ್ ಸೈಕಲ್ಲಿನ ಹಿಂದಿನ ಸೀಟು.

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಸಂಜೆ ಕೆಲಸ ಮುಗಿಸಿ ಕಾರ್ಖಾನೆಯ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದ. ಅವಳು ಹತ್ತಿ ಕೂತು, ಎರಡೂ ಕೈಯಿಂದ ಅವನ ಸೊಂಟ ಬಳಸಿ, ಬೆನ್ನಿಗೆ ಕೆನ್ನೆ ಒತ್ತಿಕೊಂಡರೆ ಮುಗಿಯಿತು. ಎರಡನೇ ತಿರುವು ಬರುವಷ್ಟರಲ್ಲಿ ನಿದ್ದೆ. ಹಾಸಿಗೆಯಲ್ಲಿ ಮಲಗಿದರೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಅಂತ ಎದ್ದೆದ್ದು ಹೋಗುವವಳು, ಬಸ್ಸಿನಲ್ಲಿ ಕೂತರೆ ಡ್ರೈವರನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವಳು, ಲಾರಿ, ಹಾರ್ನು, ಗುಂಡಿ ಎಲ್ಲದರ ನಡುವೆ ಮಗುವಿನ ಹಾಗೆ ಮಲಗಿರುತ್ತಿದ್ದಳು. ಮನೆಯ ಮುಂದೆ ಅಣ್ಣ "ಬಂತು" ಅಂದ ಮೇಲೆಯೇ ಎಚ್ಚರ. "ಬಿದ್ರೆ ಏನೇ ಗತಿ?" ಅಂತ ನಾನು ಬೈದಿದ್ದೇನೆ. "ಅವರು ಬೀಳಿಸಲ್ಲ" ಅಂತ ಒಂದೇ ಮಾತು. ಬೇರೆ ಯಾರ ಬಗ್ಗೆಯೂ ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ, ಸ್ವಂತ ತಾಯಿಯ ಬಗ್ಗೆಯೂ.

ಅಣ್ಣನಿಗೆ ಆ ಮೋಟಾರ್ ಸೈಕಲ್ ಕಂಪನಿಯ ಮೇಲೆ ಇದ್ದ ನಿಷ್ಠೆಯನ್ನು ಏನೆಂದು ಹೇಳಲಿ. ಬೇರೆ ಕಂಪನಿಯ ಗಾಡಿಯನ್ನು ತಳ್ಳಿಕೊಡಲೂ ಮೀನಮೇಷ ಎಣಿಸುತ್ತಿದ್ದ. ಅವನಂಥವರದೇ ಒಂದು ಗುಂಪು ಇತ್ತು. ಭಾನುವಾರ ಬೆಳಿಗ್ಗೆ ಪೆಟ್ರೋಲ್ ಬಂಕಿನ ಪಕ್ಕ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬರ ಗಾಡಿಯನ್ನು ಒಬ್ಬರು ಬಗ್ಗಿ ನೋಡಿ, ಚಹಾ ಕುಡಿದು ಬರುವುದೇ ಅವರ ಕಾರ್ಯಕ್ರಮ, ಸಕ್ಕರೆ ಕಾಯಿಲೆಯ ಅಣ್ಣನಿಗೆ ಮಾತ್ರ ಸಪ್ಪೆ ಚಹಾ. ಅದರಲ್ಲಿ ಒಬ್ಬನಿಗೆ ಹೊಗೆ ಅಂತಲೇ ಹೆಸರು. ಅವನ ಗಾಡಿ ಬರುವ ಮೊದಲು ಹೊಗೆ ಬರುತ್ತಿತ್ತು.

ಈ ಕಂಪನಿ ತನ್ನ ಹುಟ್ಟುಹಬ್ಬ ಬಂದಾಗಲೆಲ್ಲ ಒಂದು ವಿಶೇಷ ಮಾಡೆಲ್ ಬಿಡುತ್ತದೆ. ಐವತ್ತು ತುಂಬಿದಾಗ ಟ್ಯಾಂಕಿನ ಮೇಲೆ ಚಿನ್ನದ ಬಣ್ಣದ ಗೆರೆ ಎಳೆದರು. ಅರವತ್ತಕ್ಕೆ ಚರ್ಮದ ಒಂದು ಚೀಲ ನೇತುಹಾಕಿದರು. ಒಳಗೆ ಅದೇ ಎಂಜಿನ್, ಹೊರಗೆ ಹೊಸ ಬೆಲೆ. "ಹುಟ್ಟುಹಬ್ಬ ಅವರದು, ಉಡುಗೊರೆ ಕೊಡೋರು ನೀವು" ಅಂತ ಅತ್ತಿಗೆ ಮೂಗು ಮುರಿಯುತ್ತಿದ್ದಳು. ಎಪ್ಪತ್ತೈದಕ್ಕೆ ಮಾತ್ರ ಕಂಪನಿಯವರು ಬುದ್ಧಿವಂತರಾದರು. ಹಳೆಯ ಸವಾರರನ್ನು ಒಂದು ಹೋಟೆಲಿಗೆ ಕರೆಸಿ, ನಿಮಗೆ ಎಂಥ ಗಾಡಿ ಬೇಕು, ನೀವೇ ಹೇಳಿ ಅಂತ ಕೇಳಿದರು. ಅಣ್ಣನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಬಂದ. ತಲೆಯ ಮೇಲೆ ಕಂಪನಿ ಕೊಟ್ಟ ಟೋಪಿ, ಬಾಯಿಗೆ ಬೀಗ. ಏನು ಕೇಳಿದಿರಿ ಅಂತ ಅತ್ತಿಗೆ ವಿಚಾರಿಸಿದರೆ, "ಎಲ್ಲರೂ ಏನೇನೋ ಕೇಳಿದ್ರು" ಅಂದನೇ ಹೊರತು ತಾನೇನು ಕೇಳಿದೆ ಅಂತ ಬಾಯಿ ಬಿಡಲಿಲ್ಲ.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಅತ್ತಿಗೆ ಅಣ್ಣನ ಫೋನ್ ಹಿಡಿದುಕೊಂಡು ಮಹಡಿ ಹತ್ತಿ ಬಂದಳು.

"ಇದನ್ನ ನೋಡು. ಬುಕ್ ಮಾಡಿ ಬಂದಿದಾರೆ."

ನೋಡಿದೆ. ಕಪ್ಪು ಬಣ್ಣ, ಗುಂಡನೆಯ ದೀಪ, ಕಬ್ಬಿಣದ ಮಡ್‌ಗಾರ್ಡ್. ಕಂಪನಿಯ ಮೊಟ್ಟಮೊದಲ ಗಾಡಿ ಹೇಗಿತ್ತೋ ಹಾಗೇ ಮಾಡಿದ್ದಾರಂತೆ. ಚೆನ್ನಾಗಿಯೇ ಇತ್ತು.

"ಚೆನ್ನಾಗಿದೆಯಲ್ಲೇ."

"ನಾನೆಲ್ಲಿ ಕೂತ್ಕೋಬೇಕು ತೋರಿಸು."

ಆಗ ಕಣ್ಣಿಗೆ ಬಿತ್ತು. ಸವಾರನಿಗೆ ಒಂದು ಸೀಟು, ಅಷ್ಟೇ. ಅದರ ಹಿಂದೆ ಖಾಲಿ ಮಡ್‌ಗಾರ್ಡು, ತುದಿಯಲ್ಲೊಂದು ಕೆಂಪು ದೀಪ. ಹಿಂದೆ ಕೂರುವವರು ಕಾಲಿಡಲು ಕಡ್ಡಿಯೂ ಇರಲಿಲ್ಲ.

ನನ್ನ ತಲೆ ಮೊದಲು ಓಡಿದ್ದು ಎಲ್ಲರ ತಲೆ ಓಡುವ ಕಡೆಗೇ. ಸ್ವಂತ ಅಣ್ಣನಾದರೇನು, ಗಂಡಸೇ ತಾನೆ. "ಬೇರೆ ಯಾರಾದ್ರೂ..." ಅಂತ ರಾಗ ಎಳೆದೆ.

"ನಿನಗೆ ಬುದ್ಧಿ ಇದೆಯಾ? ಬೇರೆ ಹೆಂಗಸಿದ್ರೆ ಎರಡು ಸೀಟ್ ಬೇಕಾಗುತ್ತೆ" ಅಂದಳು. ಆಮೇಲೆ ನನ್ನ ಮೆಷಿನ್ನಿನ ಚಕ್ರವನ್ನು ಸುಮ್ಮನೆ ತಿರುಗಿಸುತ್ತಾ, "ಯಾರೂ ಬೇಡ ಅನ್ನಿಸಿದೆ ಅವರಿಗೆ. ಅದು ಇನ್ನೂ ಕೆಟ್ಟದ್ದು" ಅಂದಳು.

ಆ ದಿನದಿಂದ ಅಣ್ಣ ಬೆಳಕಿನ ಪರದೆಯ ಮುಂದೆ ಬಂದ. ಅವನ ಅಂಗಿ ಮೂಸಿದಳು, ಗ್ರೀಸಿನ ವಾಸನೆ. ಫೋನ್ ನೋಡಿದಳು, ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಕರೆಗಳು. ಆದರೆ ಹುಡುಕುವವಳಿಗೆ ಏನೂ ಸಿಗದೆ ಇರುತ್ತದೆಯೇ? ಈಚೆಗೆ ಅವನು ವಾರದಲ್ಲಿ ಎರಡು ಮೂರು ದಿನ, "ಇವತ್ತು ತಡವಾಗುತ್ತೆ, ಕಾರ್ಖಾನೆ ವ್ಯಾನಲ್ಲೇ ಬಂದುಬಿಡು" ಅನ್ನುತ್ತಿದ್ದ. ಹಾಗೆ ಹೇಳಿದ ದಿನವೇ ಅವಳಿಗಿಂತ ಮೊದಲು ಮನೆಗೆ ಬಂದಿರುತ್ತಿದ್ದ. ಒಂದು ಸಂಜೆಯಂತೂ ಬಲಗಾಲಿನ ಚಪ್ಪಲಿಯೇ ಇಲ್ಲದೆ ಬಂದ. "ಚಪ್ಪಲಿ ಎಲ್ರೀ?" ಅಂದರೆ ಕಾಲು ನೋಡಿಕೊಂಡು, ಮುಖ ಬಿಳಿಚಿಕೊಂಡು, "ಎಲ್ಲೋ ಬಿದ್ದಿರಬೇಕು" ಅಂದ.

"ಚಪ್ಪಲಿ ಬಿದ್ದುಹೋದ್ರೆ ಗೊತ್ತಾಗಲ್ವಾ ಯಾರಿಗಾದ್ರೂ?" ಅಂತ ಅವಳು ನನ್ನ ಹತ್ತಿರ ಬಂದು ಕುದಿದಳು. "ಯಾರ ಮನೆ ಬಾಗಿಲಲ್ಲಿ ಬಿಟ್ಟು ಅವಸರದಲ್ಲಿ ಬಂದ್ರೋ!" ಎರಡು ಸೀಟಿನ ಲೆಕ್ಕ ಅವಳಿಗೇ ಮರೆತುಹೋಗಿತ್ತು. ನಾನೂ ಸುಮ್ಮನಿರದೆ ಉಪ್ಪು ಖಾರ ಹಚ್ಚಿದೆ.

ಇನ್ನೊಂದು ದಿನ ಔಷಧಿ ಅಂಗಡಿಯ ಮುಂದಿನ ತೂಕದ ಯಂತ್ರದ ಮೇಲೆ ನಿಂತಿದ್ದಳು. ಚೀಟಿ ನನಗೆ ತೋರಿಸಲಿಲ್ಲ. "ನಾನು ತುಂಬ ಭಾರ ಆಗಿದೀನಾ? ನಿಜ ಹೇಳು" ಅಂತ ಮಾತ್ರ ಕೇಳಿದಳು. ಅಣ್ಣನ ಮೇಲೆ ಕೆಟ್ಟ ಸಿಟ್ಟು ಬಂತು.

ಕೊನೆಗೆ ಊಟದ ಹೊತ್ತಿನಲ್ಲಿ ಅವನನ್ನೇ ಕೇಳಿದಳು. "ಆ ಗಾಡಿಗೆ ಹಿಂದೆ ಒಂದು ಸೀಟ್ ಹಾಕಿಸೋಕಾಗಲ್ವಾ?"

"ಹಾಕಿಸಿದ್ರೆ ಅದರ ಮರ್ಯಾದೆ ಹೋಗುತ್ತೆ. ಮೊದಲನೇ ಗಾಡಿ ಹಾಗೇ ಇತ್ತು."

"ಮೊದಲನೇ ಗಾಡಿ ಓಡಿಸಿದವನಿಗೆ ಹೆಂಡ್ತಿ ಇರಲಿಲ್ವಾ?"

ಅಣ್ಣ ನಕ್ಕ, ತಟ್ಟೆ ತೆಗೆದುಕೊಂಡು ಎದ್ದ. ಅವನು ಇನ್ನೂ ಅರ್ಧ ಊಟ ಮಾಡಿದ್ದನಷ್ಟೆ.

ಗಾಡಿಯನ್ನು ತೋರಿಸುವ ದಿನ ಷೋರೂಮಿಗೆ ಬುಕ್ ಮಾಡಿದವರನ್ನೆಲ್ಲ ಮನೆಯವರ ಸಮೇತ ಕರೆದಿದ್ದರು. ಅಣ್ಣ ಅತ್ತಿಗೆ ಹಳೆಯ ಗಾಡಿಯಲ್ಲಿ, ನಾನು ಬಸ್ಸಿನಲ್ಲಿ. ಅಂದು ಅಣ್ಣ ನಡೆದುಹೋಗುವವರಿಗಿಂತ ನಿಧಾನವಾಗಿ ಓಡಿಸಿದನಂತೆ. ನಾನೇ ಮೊದಲು ತಲುಪಿದ್ದೆ. ಒಳಗೆ ಕೆಂಪು ಬಟ್ಟೆ ಹೊದಿಸಿದ ಗಾಡಿ, ಅದರ ಪಕ್ಕ ಉಸಿರಾಡಲೂ ಜಾಗವಿಲ್ಲದಷ್ಟು ಬಿಗಿ ಕೋಟು ತೊಟ್ಟ ಕಂಪನಿಯ ಅಧಿಕಾರಿ. "ಇದು ನಾವು ಮಾಡಿದ ಗಾಡಿ ಅಲ್ಲ, ನೀವು ಮಾಡಿಸಿದ ಗಾಡಿ. ನೀವು ಕೇಳಿದಿರಿ, ನಾವು ಕೊಟ್ಟೆವು" ಅಂದ. ಬಟ್ಟೆ ಸರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತಿಗೆ ಕೈ ಕಟ್ಟಿಕೊಂಡೇ ಇದ್ದಳು. ಬಟ್ಟೆ ಸರಿದ ಕೂಡಲೇ ಅವಳ ಕಣ್ಣು ಹೋದದ್ದು ಆ ಖಾಲಿ ಮಡ್‌ಗಾರ್ಡಿನ ಮೇಲೆ.

ಹೊಗೆ ಮಾತ್ರ ಮುಖ ಊದಿಸಿಕೊಂಡು ನಮ್ಮ ಹತ್ತಿರ ಬಂದು ನಿಂತ. "ನಾವು ಕೇಳಿದ್ದು ಕೊಟ್ಟರಂತೆ! ನಾನು ಹಳೇ ಸದ್ದು ಕೊಡಿ ಅಂತ ಬಾಯಿ ಬಡ್ಕೊಂಡೆ, ಕೊಟ್ರಾ? ಕಿಕ್ ಹೊಡೆಯೋ ಪೆಡಲ್ ಮೇಲೆ ಕಂಪನಿಯ ಹಳೇ ಮುದ್ರೆ ಬೇಕು ಅಂದ್ರು ಇನ್ನೊಬ್ರು, ಅದೂ ಇಲ್ಲ. ನಿಮ್ಮವರು ಒಂಟಿ ಸೀಟ್ ಕೇಳಿದ್ರು ನೋಡಿ ಅತ್ತಿಗೆ, ಅದನ್ನ ಮಾತ್ರ ತಕ್ಷಣ ಕೊಟ್ಬಿಟ್ರು. ಒಂದು ಸೀಟ್ ಖರ್ಚು ಉಳೀತಲ್ಲ!"

ಅತ್ತಿಗೆ ಅವನನ್ನು ನೋಡಿದಳು. "ಯಾರು ಕೇಳಿದ್ದು?"

"ನಿಮ್ಮವರೇ. ಎದ್ದು ನಿಂತು ಕೇಳಿದ್ರು. ಅಷ್ಟು ಜನರ ಮುಂದೆ ಅವರು ಮಾತಾಡಿದ್ದನ್ನ ನಾನು ನೋಡಿದ್ದು ಅದೇ ಮೊದಲು" ಅಂದ ಹೊಗೆ, ಪಾಪ, ಹೊಗಳುವ ದನಿಯಲ್ಲಿ.

ಅತ್ತಿಗೆ ನೇರವಾಗಿ ಹೋಗಿ, ಹೊಸ ಗಾಡಿಯ ಟ್ಯಾಂಕನ್ನು ಅಂಗೈಯಿಂದ ಸವರುತ್ತಿದ್ದ ಅಣ್ಣನ ತೋಳು ಮುಟ್ಟಿದಳು. "ಹೊರಗೆ ಬನ್ನಿ" ಅಂದಳು.

ಷೋರೂಮಿನ ಹಿಂದೆ ಗಾಡಿ ನಿಲ್ಲಿಸುವ ಅಂಗಳ. ನಮ್ಮ ಹಳೆಯ ಗಾಡಿಯ ಆ ಕಡೆ ಅವನು, ಈ ಕಡೆ ಅವಳು. ನಾನು ದೂರ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

"ನಾನು ಬೇಡ ಅಂತ ಕಂಪನಿಗೆ ಹೇಳಿ ಬಂದ್ರಾ?"

ಅಣ್ಣ ತನ್ನ ಬಲಗಾಲಿನ ಬೂಟನ್ನು ನೋಡುತ್ತಾ ನಿಂತ. "ಕಾಲು" ಅಂದ.

"ಏನು ಕಾಲು?"

"ಸಕ್ಕರೆ ಕಾಯಿಲೆಯದು. ಪಾದ ಇದೆಯೋ ಇಲ್ವೋ ಗೊತ್ತಾಗಲ್ಲ ನನಗೆ. ಬ್ರೇಕ್ ಮೇಲೆ ಇಟ್ಟಿದೀನಾ ಅಂತ ಬಗ್ಗಿ ನೋಡ್ಬೇಕು. ಒಂದು ಸಲ ಸಿಗ್ನಲ್ ಹತ್ರ ಒತ್ತಿದೆ ಅಂದ್ಕೊಂಡೆ, ಕಾಲು ಪಕ್ಕದಲ್ಲಿತ್ತು. ಮುಂದೆ ಲಾರಿ. ಕೈ ಬ್ರೇಕ್ ಹಿಡಿದೆ, ಹೇಗೋ ನಿಂತಿತು." ಅವನ ದನಿ ಇಳಿಯಿತು. "ನೀನು ಏಳಲೇ ಇಲ್ಲ. ಮಲಗೇ ಇದ್ದೆ."

ಅತ್ತಿಗೆಯ ಕೈ ಹಳೆಯ ಗಾಡಿಯ ಹಿಂದಿನ ಸೀಟಿನ ಮೇಲಿತ್ತು. ಅದನ್ನು ತೆಗೆದಳು.

"ಹೇಳೋಕೆ ಏನಾಗಿತ್ತು?"

"ನನ್ನ ಹಿಂದೆ ಕೂರಬೇಡ ಅಂತ ನಿನಗೆ ಹೇಗೆ ಹೇಳ್ಲಿ? ಸೀಟೇ ಇಲ್ದಿದ್ರೆ ಹೇಳೋದೇ ಬೇಕಿರಲ್ಲ ಅಂದ್ಕೊಂಡೆ."

"ನೀವೊಬ್ರೇ ಹೋಗಿ ಬಿದ್ರೆ?"

ಅಣ್ಣ ತಲೆ ಎತ್ತಿದ. "ಅದನ್ನ ಯೋಚನೆ ಮಾಡಿರಲಿಲ್ಲ" ಅಂದ. ಸುಳ್ಳಲ್ಲ, ನಿಜವಾಗಿಯೂ ಮಾಡಿರಲಿಲ್ಲ. ನನಗೆ ಅಳುವೂ ಬಂತು, ಅವನ ಕಪಾಳಕ್ಕೆ ಬಾರಿಸೋಣ ಅಂತಲೂ ಅನ್ನಿಸಿತು. ಹೇಳದೆ ಕೇಳದೆ ಅವಳನ್ನು ಕೂರಿಸಿಕೊಂಡು ಅಷ್ಟು ದಿನ ಓಡಾಡಿದ್ದಾನೆ. ಇಷ್ಟು ದಿನ ನಾನು ಅವನ ಬಗ್ಗೆ ಆಡಿದ ಮಾತುಗಳು ಬೇರೆ ನೆನಪಾದವು. ಅತ್ತಿಗೆ ಅಳಲಿಲ್ಲ, ಕೂಗಾಡಲಿಲ್ಲ. ಕೈ ಚಾಚಿದಳು. ಅಣ್ಣ ಜೇಬಿನಿಂದ ಗಾಡಿಯ ಕೀ ತೆಗೆದು ಆ ಕೈಯಲ್ಲಿಟ್ಟ.

ಅಲ್ಲಿಗೆ ಅವನ ಸವಾರಿ ಮುಗಿಯಿತು. ಬುಕಿಂಗ್ ರದ್ದು ಮಾಡಲು ಕಂಪನಿಯವರು ಸಾಕಷ್ಟು ಸತಾಯಿಸಿದರು. ನೀವು ಕೇಳಿದಿರಿ ನಾವು ಕೊಟ್ಟೆವು ಅಂದ ಅಧಿಕಾರಿ ಆಮೇಲೆ ಫೋನ್ ಎತ್ತಲೇ ಇಲ್ಲ. ಹಳೆಯ ಗಾಡಿಯನ್ನು ಹೊಗೆಯ ಅಳಿಯ ಕೊಂಡುಕೊಂಡ. ಅವನು ಬಂದು ಓಡಿಸಿಕೊಂಡು ಹೋದಾಗ ಅಣ್ಣ ಒಳಗಿದ್ದ, ಸದ್ದು ಬೀದಿಯ ಕೊನೆ ಮುಟ್ಟುವವರೆಗೂ ಹೊರಗೆ ಬರಲಿಲ್ಲ.

ಡಾಕ್ಟರು ಕಾಲಿನ ನರಗಳು ಸತ್ತಿವೆ, ಮತ್ತೆ ಜೀವ ಬರುವುದು ಕಷ್ಟ, ಗಾಯವಾದರೂ ಗೊತ್ತಾಗುವುದಿಲ್ಲವಾದ್ದರಿಂದ ದಿನಾ ಪಾದ ನೋಡಿಕೊಳ್ಳಿ ಅಂದರು. ನೋಡುವ ಕೆಲಸ ನಮ್ಮ ಅತ್ತಿಗೆಗೆ ಯಾರೂ ಕಲಿಸಬೇಕಿಲ್ಲ. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಅವನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲದ ಮೇಲೆ ಕೂತು, ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳಿನ ಸಂದು ನೋಡುತ್ತಾಳೆ. ಡಾಕ್ಟರು ಹೇಳದ ಇನ್ನೊಂದನ್ನು ತಾನೇ ಸೇರಿಸಿಕೊಂಡಳು. ಕಣ್ಣು ಮುಚ್ಚಿ ಅನ್ನುವುದು, ಒಂದು ಬೆರಳನ್ನು ಮುಟ್ಟುವುದು, ಯಾವುದು ಹೇಳಿ ಅನ್ನುವುದು. "ಗೊತ್ತಾಗ್ತಿಲ್ಲ" ಅನ್ನುತ್ತಿದ್ದ ಅಣ್ಣ. ಪ್ರತಿದಿನ ಅದೇ ಪ್ರಶ್ನೆ, ಅದೇ ಉತ್ತರ. ಹಾಗೆ ಅಂದಾಗಲೆಲ್ಲ ಅವಳ ಮುಖ ಸಣ್ಣದಾಗುತ್ತಿತ್ತು, ಅವನು ಕಣ್ಣು ಬಿಟ್ಟು ಅದನ್ನು ನೋಡುತ್ತಿದ್ದ.

ಒಂದು ಬೆಳಿಗ್ಗೆ ಅಣ್ಣ "ಗೊತ್ತಾಯ್ತು" ಅಂದನಂತೆ. ಅತ್ತಿಗೆ ಮೆಟ್ಟಿಲು ಹಾರಿಕೊಂಡು ಬಂದು ನನಗೆ ಹೇಳಿದಳು. ಅಷ್ಟು ಖುಷಿ ಅವಳ ಮುಖದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. ಆದರೆ ಕೆಳಗೆ ಇಳಿಯುವಾಗ ಅರ್ಧ ಮೆಟ್ಟಿಲಲ್ಲಿ ನಿಂತಳು. ಏನೋ ಯೋಚಿಸಿದಳು.

ಮಾರನೆಯ ದಿನ ನಾನು ಅಣ್ಣನ ಪ್ಯಾಂಟಿನ ಅಳತೆ ತೆಗೆಯಲು ಕೆಳಗೆ ಹೋಗಿದ್ದೆ. ಅವನು ಕುರ್ಚಿಯಲ್ಲಿ, ಅವಳು ನೆಲದ ಮೇಲೆ. ಪಾದವನ್ನು ಒಂದು ಸಣ್ಣ ಮಣೆಯ ಮೇಲಿಟ್ಟಿದ್ದಳು.

"ಕಣ್ಣು ಮುಚ್ಚಿ" ಅಂದಳು.

ಮುಚ್ಚಿದ. ಅವಳು ಎರಡೂ ಕೈಯನ್ನು ಎತ್ತಿ ತನ್ನ ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು.

"ಗೊತ್ತಾಗ್ತಿದೆಯಾ?"

"ಹೂಂ" ಅಂದ ಅಣ್ಣ. "ಹೆಬ್ಬೆರಳು. ನಿನ್ನ ಕೈ ಬೆಚ್ಚಗಿದೆ."

ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕಡೆ ನೋಡಿ ಬೇಡ ಅಂತ ತಲೆಯಾಡಿಸಿದಳು. ಕಣ್ಣು ಮುಚ್ಚಿ ನಗುತ್ತಾ ಕೂತಿದ್ದ ಅವನ ಮುಖವನ್ನು ಒಂದಿಷ್ಟು ಹೊತ್ತು ಸುಮ್ಮನೆ ನೋಡಿದಳು.

"ಹೌದು, ಹೆಬ್ಬೆರಳೇ" ಅಂದಳು. ಆಮೇಲೆ ಅವನು ಕಣ್ಣು ಬಿಡುವ ಮೊದಲು ಬೇಗ ಕೈ ಚಾಚಿ ಆ ಬೆರಳನ್ನು ಹಿಡಿದುಕೊಂಡಳು.