ನಮ್ಮ ಚೀಟಿ ಮೇಡಂ

ಕಳೆದ ಬೇಸಿಗೆಯಲ್ಲಿ ನಮ್ಮ ಕಾಲೇಜಿನ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಒಂದರ ಪಕ್ಕದ ತಗಡು ಬಿಚ್ಚಿದರೆ ಒಳಗಿನ ಫ್ಯಾನಿಗೂ ತಂತಿಗಳಿಗೂ ಕೆಂಪು ಧೂಳು ಮೆತ್ತಿಕೊಂಡಿತ್ತು. ಅದಿರಿನ ಧೂಳು. ಊದಿದರೂ ಹಾರಲಿಲ್ಲ. ಮುಖ ಹತ್ತಿರ ತಂದಾಗ ತುಕ್ಕು ಹಿಡಿದ ಕಬ್ಬಿಣದ ವಾಸನೆ. ಹೊಸಪೇಟೆಯ ರಸ್ತೆಗಳಲ್ಲಿ ಅದಿರು ಲಾರಿಗಳ ಆ ದೊಡ್ಡ ಸಾಲು ಕರಗಿ ಎಷ್ಟೋ ವರ್ಷಗಳಾದವು. ಧೂಳು ಮಾತ್ರ ಪೆಟ್ಟಿಗೆಯೊಳಗೆ ಹಾಗೇ ಕೂತಿತ್ತು. ಆ ವಾಸನೆಯ ಹಿಂದೆಯೇ ನಮ್ಮ ಮೇಡಂ ನೆನಪಾದರು. ಅವರನ್ನು ನೆನೆಯದೇ ಇರುವುದನ್ನು ನಾನು ಬಹಳ ವರ್ಷ ರೂಢಿ ಮಾಡಿಕೊಂಡಿದ್ದೆ...

ಆಗ ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಬಿಸಿಎ ಎರಡನೇ ವರ್ಷದಲ್ಲಿದ್ದೆ. ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಅಪ್ಪನದು ಅಕ್ಕಿ ಗಿರಣಿ. ನನ್ನನ್ನು ಮೊದಲಿನಿಂದಲೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿಸಿದ್ದರು. ತರಗತಿಯಲ್ಲಿ ಎಂದೂ ನಾನೇ ಮೊದಲು. ಹಾಗೆ ಮೊದಲು ಬರುವುದಕ್ಕೆ ಬೇಕಾಗಿದ್ದು ಬಾಯಿಪಾಠ ಒಂದೇ. ಸರ್‌ಗಳು ನೋಟ್ಸ್ ಹೇಳಿ ಬರೆಸುತ್ತಿದ್ದರು, ನಾನು ದುಂಡಗೆ ಬರೆದುಕೊಳ್ಳುತ್ತಿದ್ದೆ, ಪರೀಕ್ಷೆಯಲ್ಲಿ ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದೆ. ಹಿಂದಿನ ಬೆಂಚುಗಳು ಅರ್ಧ ಖಾಲಿ ಇರುತ್ತಿದ್ದವು. ಕೆಲವರ ಮನೆಗೆ ಅದಿರು ಸಾಗಿಸುವ ಟಿಪ್ಪರ್ ಬಂದಿತ್ತು, ಓದಿ ಏನಾಗಬೇಕಿದೆ ಎಂಬ ಧಾಟಿ ಅವರದು. ಉಳಿದವರು ಬರುತ್ತಿದ್ದರು, ಕೂರುತ್ತಿದ್ದರು, ಕಿಟಕಿಯಾಚೆ ಲಾರಿಗಳನ್ನು ನೋಡುತ್ತಿದ್ದರು.

ಆ ವರ್ಷ ಡೇಟಾ ಸ್ಟ್ರಕ್ಚರ್ ಎಂಬ ವಿಷಯ ಕಲಿಸಲು ಹೊಸ ಮೇಡಂ ಬಂದರು. ಹುದ್ದೆ ತಾತ್ಕಾಲಿಕ. ಬರುವುದು ಸಂಡೂರಿನ ಬಸ್ಸಿನಲ್ಲಿ. ಲಾರಿಗಳ ನಡುವೆ ಅದು ಸಿಕ್ಕಿಕೊಂಡ ದಿನ ತಡವಾಗಿ, ಏದುಸಿರು ಬಿಡುತ್ತ ಬರುತ್ತಿದ್ದರು. ಸೀರೆಯ ಅಂಚು ಧೂಳಿಗೆ ಕೆಂಪಾಗಿರುತ್ತಿತ್ತು. ಕನ್ನಡಕ ಒರೆಸಿಕೊಳ್ಳುತ್ತಲೇ ಪಾಠ ಶುರು, ಅದೂ ಕನ್ನಡದಲ್ಲಿ.

ಮೊದಲ ವಾರವೇ ನಮ್ಮನ್ನೆಲ್ಲ ಲ್ಯಾಬಿನ ಹೊರಗಿನ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದರು. ಪ್ರತಿಯೊಬ್ಬರೂ ಮುಂದಿನವರ ಭುಜದ ಮೇಲೆ ಕೈ ಇಡಬೇಕು. ಇದೇ ಲಿಂಕ್ಡ್ ಲಿಸ್ಟ್ ಎಂದರು. ಒಬ್ಬೊಬ್ಬರಿಗೆ ಗೊತ್ತಿರುವುದು ತನ್ನ ಮುಂದಿನವರು ಯಾರು ಎಂಬುದಷ್ಟೇ. ನಡುವಿನ ಒಬ್ಬನನ್ನು ಹೊರಗೆ ತೆಗೆಯಬೇಕು, ಹೇಗೆ? ನಾನು ವ್ಯಾಖ್ಯಾನ ನೆನಪಿಸಿಕೊಳ್ಳುತ್ತ ನಿಂತಿದ್ದೆ. ಅಷ್ಟರಲ್ಲಿ ಎಂದೂ ಬಾಯಿ ಬಿಡದ, ವಡ್ಡು ಎಂಬ ಹಳ್ಳಿಯಿಂದ ಬರುತ್ತಿದ್ದ ಹುಡುಗ ಮಾತಾಡಿದ.

‘ಮೇಡಂ, ಅವನ್ನ ಬಿಡೂಕಿಂತ ಮೊದ್ಲ ಅವನ ಮುಂದಿನವನ್ನ ಹಿಡ್ಕೋಬೇಕ್ರಿ. ಇಲ್ಲಾಂದ್ರ ಆ ಕಡಿ ಇದ್ದೋರು ಪೂರಾ ಕಳಕೊಂಡು ಹೋಗ್ತಾರ.’

ಮೇಡಂ ಚಪ್ಪಾಳೆ ತಟ್ಟಿದರು. ‘ಇದನ್ನ ಈಗ ಸಿ ಭಾಷೆದಾಗ ಬರಿ. ನೀ ಹೇಳಿದ್ದು ಎರಡ ಸಾಲು ಐತಿ.’

ಆ ಹುಡುಗ ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದವನು. ಅಂದಿನಿಂದ ಅವನು ಎರಡನೇ ಬೆಂಚಿಗೆ ಬಂದ.

ಪ್ರತಿ ತರಗತಿಯ ಕೊನೆಗೆ ಮೇಡಂ ಚೀಟಿ ಹಂಚುತ್ತಿದ್ದರು. ‘ಇವತ್ತು ಏನು ತಿಳೀಲಿಲ್ಲ ಅದನ್ನ ಬರೀರಿ. ಹೆಸರು ಬ್ಯಾಡ.’ ಮರುದಿನದ ಪಾಠ ಆ ಚೀಟಿಗಳಿಂದಲೇ ಆರಂಭ. ಒಂದು ಪ್ರೋಗ್ರಾಂ ಬರೆದು, ಓಡಿಸುವ ಮೊದಲು ಏನು ಬರುತ್ತದೆ ಹೇಳಿರಿ ಎನ್ನುತ್ತಿದ್ದರು. ಪಕ್ಕದವರ ಜೊತೆ ಜಗಳವಾಡಿ ತೀರ್ಮಾನಿಸಬೇಕು. ಲ್ಯಾಬು ಸಂತೆಯಂತೆ ಗದ್ದಲವಾಗುತ್ತಿತ್ತು. ಹಿಂದಿನ ಬೆಂಚುಗಳು ತುಂಬಿದವು. ಹುಡುಗರು ಅವರನ್ನು ಚೀಟಿ ಮೇಡಂ ಎಂದು ಕರೆಯತೊಡಗಿದರು. ಕರೆಯುವಾಗ ಅದರಲ್ಲಿ ಪ್ರೀತಿ ಇತ್ತು.

ನನಗೆ ಮಾತ್ರ ಕಾಲ ಕೆಳಗಿನ ನೆಲ ಜಾರಿದಂತಾಗುತ್ತಿತ್ತು. ಬರೆದುಕೊಳ್ಳಲು ನೋಟ್ಸ್ ಇಲ್ಲ, ಒಪ್ಪಿಸಲು ಏನೂ ಇಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಮೇಡಂ ವ್ಯಾಖ್ಯಾನ ಕೇಳಲೇ ಇಲ್ಲ, ತಪ್ಪಿರುವ ಪ್ರೋಗ್ರಾಂಗಳನ್ನು ಕೊಟ್ಟು ತಪ್ಪೆಲ್ಲಿದೆ ಎಂದು ಕೇಳಿದರು. ವಡ್ಡುವಿನ ಹುಡುಗ ಮೊದಲು ಬಂದ. ನಾನು ಎಲ್ಲೋ ನಡುವೆ... ಆ ದಿನ ಕಂಪ್ಲಿಯ ಬಸ್ಸಿನಲ್ಲಿ ಮುಖ ಕಿಟಕಿಗೆ ಆನಿಸಿಕೊಂಡು ಅತ್ತೆ.

ಮರುದಿನ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆದೆ: ನಿಮಗೆ ಇಂಗ್ಲಿಷ್ ಬರುವುದಿಲ್ಲ ಎಂಬುದೊಂದು ತಿಳಿಯಿತು, ಬೇರೇನೂ ತಿಳಿಯಲಿಲ್ಲ.

ಅವರು ಅದನ್ನು ಬದಿಗಿಡಬಹುದಿತ್ತು. ಎಲ್ಲರೆದುರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: ‘ನಾನೂ ಕನ್ನಡ ಮೀಡಿಯಂನಾಗ ಓದಿದಾಕಿ. ಡಿಗ್ರಿಗೆ ಬಂದಾಗ ಒಂದು ವರ್ಷ ಏನಂದ್ರ ಏನೂ ತಿಳೀಲಿಲ್ಲ. ಕೇಳಾಕ ಅಂಜಿಕಿ. ತಿಳಿದೋರಂಗ ತಲಿ ಆಡಿಸ್ತಿದ್ದೆ. ನೀವು ಹಂಗ ತಲಿ ಆಡಿಸಬಾರ್ದು ಅಂತ ಕನ್ನಡದಾಗ ಹೇಳ್ತೀನಿ. ಪರೀಕ್ಷಾಕ್ಕ ಬೇಕಾದ ಇಂಗ್ಲಿಷ್ ಆಮ್ಯಾಲ ಕಲಿಸ್ತೀನಿ, ಬಿಡಂಗಿಲ್ಲ.’ ಆಮೇಲೆ ಮುಂದಿನ ಚೀಟಿ ತೆಗೆದರು.

ಅಲ್ಲಿಗೆ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಪ್ರಿನ್ಸಿಪಾಲರಿಗೆ ಇಂಗ್ಲಿಷಿನಲ್ಲಿ, ನನ್ನ ದುಂಡಗಿನ ಅಕ್ಷರದಲ್ಲೇ ಅರ್ಜಿ ಬರೆದೆ. ತಡವಾಗಿ ಬರುತ್ತಾರೆ, ನೋಟ್ಸ್ ಕೊಡುವುದಿಲ್ಲ, ಸಿಲಬಸ್ ಮುಗಿಸುವುದಿಲ್ಲ, ತರಗತಿಯಲ್ಲಿ ಆಟ ಆಡಿಸುತ್ತಾರೆ. ಒಂದೊಂದಾಗಿ ನೋಡಿದರೆ ನಿಜವೇ, ಒಟ್ಟಾಗಿ ಸುಳ್ಳು. ಮುಂದಿನ ಬೆಂಚಿನವರು ಪರೀಕ್ಷೆಯ ಭಯಕ್ಕೆ ಸಹಿ ಹಾಕಿದರು. ಅಷ್ಟು ಸಾಲದು ಎನಿಸಿತು. ವಡ್ಡುವಿನ ಹುಡುಗನ ಬಳಿ ಹೋದೆ.

‘ಏನಿದು?’ ಎಂದ.

‘ಲ್ಯಾಬ್ ಟೈಮ್ ಜಾಸ್ತಿ ಬೇಕು ಅಂತ ಅರ್ಜಿ. ಸಹಿ ಹಾಕು.’

ಇಂಗ್ಲಿಷಿನ ಆ ಒಂದು ಪುಟವನ್ನು ಅವನು ಒಮ್ಮೆ ನೋಡಿದ, ನನ್ನನ್ನು ನೋಡಿದ, ಸಹಿ ಹಾಕಿದ. ಅವನನ್ನು ನೋಡಿ ಹಿಂದಿನ ಬೆಂಚಿನವರೆಲ್ಲ ಹಾಕಿದರು.

ಒಂದು ವಾರದಲ್ಲಿ ನಮಗೆ ಬೇರೆ ಸರ್ ಬಂದರು, ನೋಟ್ಸ್ ಹೇಳಿ ಬರೆಸಿದರು. ಮೇಡಂ ಆಫೀಸಿನ ಮೂಲೆಯಲ್ಲಿ ಕೂತು ಅಂಕಪಟ್ಟಿ ಟೈಪ್ ಮಾಡುತ್ತಿದ್ದರು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಅವರನ್ನು ಮುಂದುವರಿಸಲಿಲ್ಲ. ಕೊನೆಯ ದಿನ ಲ್ಯಾಬ್ ರೆಕಾರ್ಡ್ ವಾಪಸು ತರಲು ಹೋದಾಗ ನನ್ನದನ್ನು ತೆರೆದು ಒಂದು ಪುಟ ನೋಡಿದರು. ‘ನಿನ್ನ ಅಕ್ಷರ ಎಲ್ಲಿದ್ರೂ ಗುರ್ತು ಸಿಗ್ತೈತಿ ನೋಡವಾ,’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ‘ಥ್ಯಾಂಕ್ಯೂ ಮೇಡಂ’ ಎಂದೆ. ಆ ಉತ್ತರ ಈಗಲೂ ಬಾಯಲ್ಲಿ ಕಹಿ.

ನನಗೆ ಒಳ್ಳೆಯ ಅಂಕ ಬಂತು. ವಡ್ಡುವಿನ ಹುಡುಗ ಆ ಪೇಪರಿನಲ್ಲಿ ಫೇಲಾದ. ಮತ್ತೊಮ್ಮೆ ಕಟ್ಟಿದ, ಮತ್ತೆ ಫೇಲಾದ. ಅದಿರು ತೂಗುವ ವೇಬ್ರಿಡ್ಜಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸೇರಿದ ಎಂದು ಕೇಳಿದೆ.

ಕೆಲವು ವರ್ಷಗಳ ನಂತರ, ನಾನೇ ಉಪನ್ಯಾಸಕಿಯಾದ ಹೊಸತರಲ್ಲಿ, ಹೊಸಪೇಟೆ ಬಸ್ ನಿಲ್ದಾಣದಲ್ಲಿ ಮೇಡಂ ಕಂಡರು. ಸಂಡೂರು ಬಸ್ಸಿಗೆ ಕಾಯುತ್ತಿದ್ದರು, ಕೈಯಲ್ಲಿ ಯಾರದೋ ಉತ್ತರಪತ್ರಿಕೆಗಳ ಕಟ್ಟು. ನನ್ನನ್ನು ನೋಡಿ ನಗಲು ಶುರು ಮಾಡಿದ್ದರು. ನಾನು ಬಸ್ಸಿನ ಬೋರ್ಡು ಓದುವವಳಂತೆ ಮುಖ ತಿರುಗಿಸಿದೆ. ತಿರುಗಿ ನೋಡುವಷ್ಟರಲ್ಲಿ ಬಸ್ಸು ಹೊರಟಿತ್ತು...

ನಾನೂ ಮೊದಲ ವರ್ಷ ನೋಟ್ಸ್ ಬರೆಸಿದೆ. ಎದುರಿಗೆ ಅರವತ್ತು ತಲೆಗಳು, ಅರವತ್ತೂ ಆಡುತ್ತಿದ್ದವು, ತಿಳಿದವರಂತೆ. ಒಂದು ದಿನ ತಡೆಯಲಾಗದೆ ಪುಸ್ತಕ ಮುಚ್ಚಿ, ಹಾಳೆ ಹರಿದು ಚೀಟಿ ಹಂಚಿದೆ. ಅಲ್ಲಿಂದ ಇಲ್ಲಿಯವರೆಗೆ ನಾನು ಕಲಿಸುವುದೆಲ್ಲ ಅವರ ಕ್ರಮವೇ. ಅದಕ್ಕೆ ನನಗೆ ಹೆಸರೂ ಬಂತು. ಹೊಸ ಉಪನ್ಯಾಸಕರ ತರಬೇತಿಯೊಂದರಲ್ಲಿ ಈ ಕ್ರಮದ ಬಗ್ಗೆ ಮಾತಾಡಲು ಕರೆದರು. ‘ಇದನ್ನೆಲ್ಲ ಎಲ್ಲಿ ಕಲಿತ್ರಿ ಮೇಡಂ?’ ಎಂದು ಒಬ್ಬರು ಕೇಳಿದರು. ‘ಓದಿಕೊಂಡೆ, ಮಾಡ್ತಾ ಮಾಡ್ತಾ ಬಂತು,’ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಗುಜರಿಯ ಕೆಲಸ ಮುಗಿದ ಮೇಲೆ, ಪ್ರವೇಶಾತಿಯ ದಿನಗಳಲ್ಲಿ, ವಡ್ಡುವಿನ ಆ ಸಹಪಾಠಿ ಅಕ್ಕನ ಮಗಳನ್ನು ಕರೆದುಕೊಂಡು ನಮ್ಮ ಕಾಲೇಜಿಗೆ ಬಂದ. ಕೂದಲು ಹಣ್ಣಾಗಿತ್ತು. ನನ್ನನ್ನು ಗುರುತಿಸಿ ‘ನಮಸ್ಕಾರ್ರಿ ಮೇಡಂ’ ಎಂದ. ಹಿಂದೆ ಏಕವಚನದಲ್ಲಿ ಮಾತಾಡುತ್ತಿದ್ದವನು. ಹುಡುಗಿ ಫೀ ಚಲನ್ ತರಲು ಹೋದಾಗ ಅವನೇ ಹೇಳಿದ.

‘ನಮ್ಮ ಚೀಟಿ ಮೇಡಂ ಹೋಗಿಬಿಟ್ರಲ್ರೀ. ಎರಡು ವರ್ಷ ಆತು. ನಿಮಗ ಗೊತ್ತಿರಲಿಲ್ಲೇನು?’

ಗೊತ್ತಿರಲಿಲ್ಲ. ಹಿಂದೆಮುಂದೆ ನೋಡದೆ ಬಾಯಿ ಬಿಟ್ಟೆ. ‘ಅವತ್ತು ನಿನ್ನ ಹತ್ರ ಸಹಿ ಹಾಕಿಸಿಕೊಂಡಿದ್ನಲ್ಲ, ಅದು ಲ್ಯಾಬ್ ಟೈಮಿನ ಅರ್ಜಿ ಅಲ್ಲ...’

‘ಗೊತ್ತೈತ್ರಿ,’ ಎಂದ.

‘ಹೇಗೆ ಗೊತ್ತಾಯ್ತು?’ ಎಂದೆ.

‘ಮೇಡಂ ಯಾಕ ಕ್ಲಾಸಿಗೆ ಬರವಲ್ರು ಅಂತ ಕೇಳಾಕ ಆಫೀಸಿಗೆ ಹೋಗಿದ್ದೆ. ಅರ್ಜಿದು ಒಂದು ಜೆರಾಕ್ಸ್ ಅವರ ಹತ್ರ ಇತ್ತು. ನನ್ನ ಬಾಜೂಕ ಕುಂದ್ರಿಸ್ಕೊಂಡು ಒಂದೊಂದ ಸಾಲು ಓದಿಸಿದ್ರು. ಅರ್ಥ ಆಗದಿದ್ದಲ್ಲಿ ತಾವ ಹೇಳಿಕೊಟ್ರು. ಮುಗಿದ ಮ್ಯಾಲ, ಇನ್ನ ಮ್ಯಾಲ ಓದದ ಸಹಿ ಹಾಕಬ್ಯಾಡ ಅಂದ್ರು. ಅಷ್ಟ. ನಾ ಅಳಾಕ ಹತ್ತಿದ್ದೆ, ಅವರೇ ನೀರು ಕೊಟ್ರು.’

‘ನನ್ನ ಬಗ್ಗೆ ಏನಾದ್ರೂ ಅಂದ್ರಾ?’

‘ಏನೂ ಅನ್ನಲಿಲ್ರಿ.’

ಏನಾದರೂ ಅಂದಿದ್ದರೆ ಹಗುರಾಗುತ್ತಿತ್ತೇನೋ. ಹುಡುಗಿ ಚಲನ್ ಹಿಡಿದು ಬಂದಳು, ಅವನು ಎದ್ದ. ‘ಇವ್ಳಿಗೆ ಚಲೋ ಕಲಸ್ರಿ,’ ಎಂದಷ್ಟೇ ಹೇಳಿ ಹೋದ.

ಈಗ ಆ ಹುಡುಗಿ ನನ್ನ ತರಗತಿಯಲ್ಲಿದ್ದಾಳೆ. ಮೊದಲ ದಿನ ಚೀಟಿ ಹಂಚುವ ಮುನ್ನ ಮಕ್ಕಳಿಗೆ ಹೇಳಿದೆ, ಇದು ನನ್ನದಲ್ಲ, ನನಗೆ ಕಲಿಸಿದ ಸಂಡೂರಿನ ಮೇಡಂ ಒಬ್ಬರದು ಎಂದು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿ ಹೇಳಿದ್ದು. ‘ಅವರು ಈಗ ಎಲ್ಲಿ ಅದಾರ್ರೀ?’ ಎಂದು ಯಾರೋ ಕೇಳಿದರು. ತೀರಿಕೊಂಡರು ಎಂದೆ. ಅರ್ಜಿಯ ವಿಷಯ ಹೇಳಲು ಬಾಯಿ ಬರಲಿಲ್ಲ. ಅದನ್ನು ಅವರೆದುರು ಹೇಳಬೇಕಿತ್ತು, ಬಸ್ ನಿಲ್ದಾಣದಲ್ಲಿ, ಅವರು ನಗಲು ಶುರು ಮಾಡಿದ್ದಾಗ.