ತೆಂಗಿನಕಾಯಿ ಗೊತ್ತಿಲ್ಲದ ಹಂದಿ

ಪೊಲೋನಿ ಯಾರನ್ನೂ ನಂಬುತ್ತಿರಲಿಲ್ಲ. ಕೊಬ್ಬರಿ ಕೊಳ್ಳಲು ಬರುವವನ ತಕ್ಕಡಿಯ ಅಡಿಗೆ ಬಗ್ಗಿ ನೋಡುತ್ತಿದ್ದಳು. ಪಾದ್ರಿ ಮೇಣದಬತ್ತಿ ಹಂಚಿದರೆ ಉಗುರಲ್ಲಿ ಕೆರೆದು ಮೂಸುತ್ತಿದ್ದಳು. ಮರದ ಕಂಪನಿಯ ಲಾರಿಗಳನ್ನು ತಡೆದು ಜೈಲಿಗೆ ಹೋದ ನಾವು ಬಿಡುಗಡೆಯಾಗಿ ಬಂದಾಗ ಊರೆಲ್ಲ ಕೈ ಹಿಡಿದು ಅತ್ತಿತು. ಇವಳು ಮಾತ್ರ ನನ್ನ ಹೊಟ್ಟೆಯನ್ನೇ ದಿಟ್ಟಿಸಿ, "ಜೈಲಲ್ಲಿ ದಪ್ಪ ಆಗಿದ್ದೀಯಲ್ಲೋ. ಯಾರು ತಿನ್ನಿಸಿದ್ರು?" ಅಂದಳು.

ನ್ಯೂ ಐರ್ಲೆಂಡ್ ದ್ವೀಪದ ನಮ್ಮ ಕರಾವಳಿಯಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಹೆದರದೆ ಉಳಿದವನು ಅವಳ ಅಣ್ಣ ಕಾವಾಸ್ ಒಬ್ಬನೇ. ಅವನೂ ಸತ್ತ.

ಕಾವಾಸನ ಸುಪರ್ದಿಯಲ್ಲಿದ್ದದ್ದು ಹೊಳೆಬಾಯಿಯ ನೆಲ. ಅಲ್ಲಿ ದಡದ ಹತ್ತಿರವೇ ಹಡಗು ನಿಲ್ಲುವಷ್ಟು ಆಳ. ಮರದ ದಿಮ್ಮಿ ತುಂಬಲು ಕಂಪನಿಗೆ ಅಂಥ ಜಾಗ ಬೇಕಿತ್ತು. ಬದುಕಿರುವಷ್ಟು ದಿನ ಅವನು ಕೊಡಲಿಲ್ಲ.

ಮರುವರ್ಷ ಅವನ ಮಲಂಗನ್ ಊಟಕ್ಕೆ ಸಿದ್ಧತೆ ನಡೆಯಿತು. ಸತ್ತವನ ಹೆಸರಿನಲ್ಲಿ ಮರದ ಬೊಂಬೆ ಕೆತ್ತಿಸಿ, ಬಣ್ಣ ಬಳಿದು, ಊಟದ ದಿನ ಎಲ್ಲರಿಗೂ ತೋರಿಸುತ್ತೇವೆ. ಆಮೇಲೆ ಅದನ್ನು ಕಾಡಿನಲ್ಲಿ ಕೊಳೆಯಲು ಬಿಡುತ್ತೇವೆ. ಮರ ಕರಗಿತೆಂದರೆ ಸತ್ತವನ ಲೆಕ್ಕ ಮುಗಿಯಿತು, ಅವನ ಸುಪರ್ದಿಯ ನೆಲ ಕುಲಕ್ಕೆ ವಾಪಸ್ಸು. ನಮ್ಮಲ್ಲಿ ಕುಲ ತಾಯಿಯ ಕಡೆಯದು, ಅಪ್ಪನ ನೆಲ ಮಗನಿಗೆ ಬರುವುದಿಲ್ಲ. ಒಂದೇ ಒಂದು ದಾರಿಯುಂಟು. ಅಪ್ಪನ ಮಲಂಗನ್‌ಗೆ ಮಗ ದೊಡ್ಡ ಹಂದಿ ಕೊಟ್ಟು, ಕುಲದವರು ಅದನ್ನು ತಿಂದರೆ, ನೆಲ ಮಗನ ಕೈಗೆ ಹೋದಂತೆಯೇ. ಕಾಗದ ಬೇಡ, ಸಹಿ ಬೇಡ. ತಿಂದ ಬಾಯಿಗಳೇ ಸಾಕ್ಷಿ.

ಕಾವಾಸನ ಮಗ ಡಾಮಿಯನ್ ಪಟ್ಟಣದಲ್ಲಿದ್ದವನು, ಸಿಮೆಂಟ್ ಚೀಲ ಹೇರಿಕೊಂಡು ಬಂದಿಳಿದ. ಅಪ್ಪನಿಗೆ ಗೋರಿ ಕಟ್ಟಿಸುತ್ತಾನಂತೆ, ಮೇಲೆ ನೀಲಿ ಟೈಲ್ಸ್ ಅಂತೆ.

"ಅತ್ತೆ, ಬೊಂಬೆ ಕೆತ್ತಿಸ್ತೀರಿ, ಆಮೇಲೆ ನೀವೇ ಕಾಡಲ್ಲಿ ಕೊಳೆಯೋಕೆ ಬಿಸಾಕ್ತೀರಿ. ನಮ್ಮಪ್ಪನ್ನ ನೆನಪಿಟ್ಕೊಳ್ಳೋದು ಹಿಂಗಾ? ಗೋರಿ ಆದ್ರೆ ನನ್ನ ಮೊಮ್ಮಕ್ಕಳೂ ಬಂದು ನೋಡ್ತಾರೆ."

"ಬದುಕಿದ್ದಾಗ ಅವನನ್ನ ನೋಡೋಕೆ ಬರದವನು ಗೋರಿ ನೋಡೋಕೆ ಬರ್ತೀಯಾ?"

"ಬರ್ತೀನಿ."

"ಅದೇ ನನ್ನ ಭಯ ಕಣೋ. ಜೊತೆಗೆ ಯಾರನ್ನ ಕರ್ಕೊಂಡು ಬರ್ತೀಯ?"

ಅಲ್ಲಿಂದ ಅವಳಿಗೆ ನಿದ್ದೆಯಿಲ್ಲ. ಕಂಡವರ ಮೇಲೆಲ್ಲ ಕಣ್ಣು. ಬೊಂಬೆ ಕೆತ್ತುತ್ತಿದ್ದ ಬ್ರೂನೋ ಕೈಯಲ್ಲಿ ಹೊಸ ಉಳಿ ಕಂಡಿದ್ದೇ ತಡ, "ಇದನ್ನ ಯಾರು ಕೊಟ್ರು? ನೀನೂ ಮಾರ್ಕೊಂಡ್ಯಾ?" ಅಂತ ಎಲ್ಲರೆದುರು ಕೂಗಾಡಿದಳು. ಉಳಿ ಕೊಡಿಸಿದ್ದು ಬ್ರೂನೋ ಮಗಳು. ಅವನು ಕೆಲಸ ಮುಗಿಸಿಕೊಟ್ಟ, ಆದರೆ ಅವಳ ಜೊತೆ ಮತ್ತೆ ಮಾತಾಡಲಿಲ್ಲ. ಪೊಲೋನಿ ತಪ್ಪಾಯಿತು ಅನ್ನಲೂ ಇಲ್ಲ. ಅದು ಅವಳ ಬಾಯಲ್ಲಿ ಬರುವ ಮಾತಲ್ಲ.

ಊಟದ ದಿನ ಹಂದಿಗಳನ್ನು ಕಾಲು ಕಟ್ಟಿ ಸಾಲಾಗಿ ಮಲಗಿಸಿದ್ದರು. ಕೊಟ್ಟವರು ಒಬ್ಬೊಬ್ಬರಾಗಿ ಎದ್ದು ಹೆಸರು ಕೂಗಿದರು. ಕೊನೆಯದು ಡಾಮಿಯನ್‌ದು. ಬಿಳಿ ಹಂದಿ, ದೋಣಿಯಂಥದ್ದು. ಜನ ಉಗುಳು ನುಂಗಿದರು.

"ಇದನ್ನ ಸಾಕಿದ್ಯಾರು?" ಪೊಲೋನಿ ಕೇಳಿದಳು.

"ನಾನೇ, ಅತ್ತೆ."

ಅವಳು ಒಳಗೆ ಹೋಗಿ ಒಂದು ಹಿಡಿ ತೆಂಗಿನತುರಿ ತಂದು ಅದರ ಮೂತಿಗೆ ಹಿಡಿದಳು. ಹಂದಿ ಮೂಸಿ ಮುಖ ತಿರುಗಿಸಿತು.

"ಕಾಲು ಕಟ್ಟಿ ಹಾಕಿದ್ರೆ ಯಾವ ಹಂದಿ ತಿನ್ನುತ್ತೆ?" ಡಾಮಿಯನ್ ನಕ್ಕ.

ಪೊಲೋನಿ ಅದೇ ತುರಿಯನ್ನು ಪಕ್ಕದ ಕಪ್ಪು ಹಂದಿಗೆ ಹಿಡಿದಳು. ಅದಕ್ಕೂ ಕಾಲು ಕಟ್ಟಿತ್ತು. ತುರಿ ಮುಗಿಸಿ ಅವಳ ಬೆರಳನ್ನೂ ನೆಕ್ಕಿತು.

"ನಮ್ಮೂರಲ್ಲಿ ತೆಂಗಿನಕಾಯಿ ಗೊತ್ತಿಲ್ದೆ ಬೆಳೆದ ಹಂದಿ ಇದ್ಯೇನೋ? ಏನು ಹಾಕಿ ಸಾಕ್ದೆ, ಹೇಳು."

ಡಾಮಿಯನ್ ನೆಲ ನೋಡಿದ.

"ಫಾರಂ ಹಂದಿ," ಅಂದ ಕೊನೆಗೆ. "ಕಂಪನಿಯೋರು ಕೊಟ್ರು. ಸಿಮೆಂಟೂ ಅವರದೇ. ಅಪ್ಪನ ಮೇಲಿನ ಗೌರವಕ್ಕೆ ಅಂದ್ರು."

"ಗೌರವಾನಾ? ಬದುಕಿದ್ದಾಗ ಅವನ ಮೇಲೆ ಕೇಸು ಹಾಕಿದ್ರಲ್ಲೋ!"

ಹಿಂದಿನಿಂದ ಯಾರೋ ಒಬ್ಬ ಗೊಣಗಿದ: "ಹಂದಿ ಅಂದ್ರೆ ಹಂದಿ ತಾನೇ ಪೊಲೋನಿ? ಹೊಟ್ಟೆ ಚುರುಗುಟ್ತಿದೆ."

"ತಿನ್ನು. ನಾಳೆ ಬೆಳಿಗ್ಗೆ ಎದ್ದು ಹೊಳೆ ಎಲ್ಲೋಯ್ತು ಅಂತ ಹುಡುಕು."

ಬಿಳಿ ಹಂದಿಯನ್ನು ಗಳುವಿಗೆ ಕಟ್ಟಿ, ಹೊತ್ತುಕೊಂಡು ಹೋಗಿ ಡಾಂಬರು ರಸ್ತೆಯಲ್ಲಿ ಇಳಿಸಿ ಬಂದೆವು. ಆ ದಿನ ಎಲ್ಲರಿಗೂ ತುಂಡು ಕಮ್ಮಿ ಬಿತ್ತು. ಹೊಟ್ಟೆ ತುಂಬದವರು ಅವಳನ್ನು ಬೈದುಕೊಂಡೇ ಮನೆಗೆ ಹೋದರು, ನಾನೂ ಒಬ್ಬ. ಡಾಮಿಯನ್ ಮುಖ ಮುಚ್ಚಿಕೊಂಡು ಪಟ್ಟಣ ಸೇರಿದ. ಹಡಗು ಮಾತ್ರ ಬರಲಿಲ್ಲ.

ಕಾವಾಸನ ಬೊಂಬೆ ಕಾಡಿನಲ್ಲಿ ಗೆದ್ದಲು ಹಿಡಿದು ಮಣ್ಣಾಯಿತು. ಸಿಮೆಂಟ್ ಮಳೆಯಲ್ಲಿ ನೆನೆದು, ಚೀಲದೊಳಗೇ ಕಲ್ಲಾಯಿತು. ಚೀಲ ಹರಿದುಹೋಗಿ, ಚೀಲದ ಆಕಾರದ ಕಲ್ಲುಗಳು ಉಳಿದವು. ಅವುಗಳ ಮೇಲೆ ಕೂತು ಅಡಿಕೆ ಜಗಿಯುತ್ತೇವೆ. ಅವು ಯಾರ ಗೋರಿಗೆಂದು ಬಂದವೆಂದು ಊರಿಗೆ ಹೊಸದಾಗಿ ಬಂದ ಸೊಸೆಯರಿಗೆ ಗೊತ್ತಿಲ್ಲ.

ಕೆಲವು ವರ್ಷ ಕಳೆದು ಡಾಮಿಯನ್ ವಾಪಸ್ಸು ಬಂದ. ಯಾಕೆ ಬಂದನೆಂದು ಪೊಲೋನಿ ಸಾಯುವವರೆಗೂ ಅನುಮಾನಪಟ್ಟಳು. ಅವನು ಗೆಣಸು ತಂದುಕೊಟ್ಟರೆ ಮುರಿದು ಒಳಗೆ ನೋಡಿಯೇ ತಿನ್ನುತ್ತಿದ್ದಳು.

ಅವಳ ಬೊಂಬೆಯನ್ನು ಬ್ರೂನೋನೇ ಕೆತ್ತಿದ. ಕಣ್ಣು ಕಿರಿದು ಮಾಡಿ, ಒಂದು ಹುಬ್ಬು ಎತ್ತಿಬಿಟ್ಟಿದ್ದ. ಕಂಡವರೆಲ್ಲ ನಕ್ಕರು. ಅದೂ ಕಾಡಿಗೆ ಹೋಯಿತು. ಈಗ ಹುಡುಕಿದರೆ ಹುಬ್ಬೂ ಸಿಗದು.

ಆದರೆ ಅವಳ ಊಟದ ದಿನ ಹಂದಿಗಳ ಸಾಲಿನ ಮುಂದೆ ಯಾರೂ ಹೆಸರು ಕೂಗುವ ಮೊದಲೇ ಡಾಮಿಯನ್ ತೆಂಗಿನತುರಿಯ ಬುಟ್ಟಿ ಹಿಡಿದು ಎದ್ದ. ಯಾರೂ ಹೇಳಿರಲಿಲ್ಲ. ಮೊದಲು ತನ್ನ ಹಂದಿಗೇ ಹಾಕಿದ, ಅದು ಗಬಗಬ ತಿಂದಿತು. ಮುಂದಿನದೂ ತಿಂದಿತು. ಕೊನೆಯದು ಪಕ್ಕದೂರಿನವನು ತಂದದ್ದು. ಅದು ಮೂಸಿ ಸುಮ್ಮನಾಯಿತು. ಇಡೀ ಊರು ಕತ್ತು ಚಾಚಿತು. ಆಮೇಲೆ ಅದೂ ನಾಲಿಗೆ ಚಾಚಿ ತಿಂದಿತು.

ತಿಂದಿತು, ಸರಿ. ಆದರೂ ಅದನ್ನು ತಂದವನ ಮುಖವನ್ನು ಇನ್ನೊಂದು ಸಲ ನೋಡಿಕೊಂಡೇ ನಾವು ಬೆಂಕಿ ಹಚ್ಚಿದೆವು.